ಅನ್ನದ ನಾಡಿನಲ್ಲಿ ಗೋಧಿಯ ಪಥ್ಯ



ಮಧ್ಯಾಹ್ನದ ವಿರಾಮದ ಗಂಟೆ ಬಾರಿಸಿದೊಡನೆ ನಮ್ಮ ಶಾಲೆಯ ಕೈಸಾಲೆಯಲ್ಲಿ ಎಷ್ಟು ಬಗೆಯ ಡಬ್ಬಿಗಳು ತೆರೆಯುತ್ತವೆಂಬುದನ್ನು ನೀವೇ ಬಲ್ಲಿರಿ. ಮುಂಬಯಿಯ ನೀರು ಕುಡಿದ ಮೇಲೆ ನಮ್ಮ ಕನ್ನಡದ ಮನೆಗಳಲ್ಲಿಯೂ ಚಪಾತಿಯೇ ಮುಂದಾಯಿತು. ಅದಿಲ್ಲದ ದಿನ ಬೀದಿಯ ತಿರುವಿನ ವಡಾಪಾವ್, ಅದೂ ಇಲ್ಲವಾದರೆ ಎರಡು ಬಿಸ್ಕತ್ತು. ಈ ಮೂರೂ ಗೋಧಿಯಿಂದಲೇ ಆದವು. ಸಹಸ್ರಾರು ವರ್ಷಗಳಿಂದ ಮನುಷ್ಯಕುಲವನ್ನು ಸಾಕಿ ಸಲಹಿದ ಈ ಧಾನ್ಯವು ಕೆಲವರ ಕರುಳಿಗೆ ಮಾತ್ರ ವಿಷಕ್ಕೆ ಸಮಾನವಾಗಿ ಪರಿಣಮಿಸುತ್ತದೆಂದರೆ ನಿಮಗೆ ಸೋಜಿಗವಾದೀತು. ಈ ವ್ಯಾಧಿಯನ್ನು ವೈದ್ಯರು ಸೀಲಿಯಾಕ್ ರೋಗವೆಂದು ಕರೆಯುತ್ತಾರೆ. ಹೊಟ್ಟೆಗೆ ಸಂಬಂಧಿಸಿದುದು ಎಂಬರ್ಥದ ಗ್ರೀಕ್ ಶಬ್ದದಿಂದ ಆ ಹೆಸರು ಬಂದಿದೆ. ಇದಕ್ಕೆ ಪಥ್ಯವೇ ಮದ್ದು; ಅದೂ ಒಂದು ಮಂಡಲದ ಪಥ್ಯವಲ್ಲ, ಬದುಕಿರುವವರೆಗಿನ ಪಥ್ಯ.

ನಾನು ವೈದ್ಯನಲ್ಲ. ಈ ವಿಷಯ ನನಗೆ ಪರಿಚಿತವಾದದ್ದು ಅಕ್ಕನ ಮನೆಯ ಮೂಲಕ. ಕಾಸರಗೋಡಿನ ಕಡೆಯ ಕನ್ನಡಿಗರಾದ ನಮಗೆ ರಾಜಧಾನಿಯು ರಾಜ್ಯದ ಇನ್ನೊಂದು ತುದಿಯಲ್ಲಿದೆ. ಭಾವನವರು ನೌಕರಿಯ ನಿಮಿತ್ತ ಹಲವು ವರ್ಷ ತಿರುವನಂತಪುರದಲ್ಲಿದ್ದು, ಬಳಿಕ ವರ್ಗವಾಗಿ ಕೊಚ್ಚಿಗೆ ಬಂದರು. ಅವರ ಹಿರಿಯ ಮಗಳಿಗೆ ಒಂಬತ್ತನೆಯ ವಯಸ್ಸಿನಲ್ಲಿ ಈ ರೋಗವಿರುವುದು ತಿಳಿಯಿತು. ರಜೆಯ ದಿನಗಳಲ್ಲಿ ಅಲ್ಲಿ ಕಂಡದ್ದನ್ನೂ, ಆಮೇಲೆ ಕುತೂಹಲದಿಂದ ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕುಚ್ಚಲಕ್ಕಿಯ ಅನ್ನ, ಪುಟ್ಟು, ಅಪ್ಪಂ ಉಣ್ಣುವ ಕೇರಳದಲ್ಲಿ ಗೋಧಿಯನ್ನು ಬಿಡುವುದೇನು ದೊಡ್ಡ ಕಷ್ಟ ಎಂದು ನೀವು ಕೇಳಬಹುದು. ಎಲ್ಲರೂ ಹಾಗೆಯೇ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿಯೇ ಈ ಲೇಖನ.

ಮೊದಲು ಗೋಧಿಯಲ್ಲಿರುವ ವಿಶೇಷವೇನೆಂಬುದನ್ನು ನೋಡೋಣ. ತಾಯಿಯ ಅಪ್ಪಣೆ ಪಡೆದು, ಒಂದು ಹಿಡಿ ಮೈದಾ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಬಿಡಿ. ಆಮೇಲೆ ಬೋಗುಣಿಯ ನೀರಿನೊಳಗೆ ಆ ಉಂಡೆಯನ್ನು ಮೆಲ್ಲನೆ ಹಿಚುಕುತ್ತ ತೊಳೆಯಿರಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಅದು ಪಿಷ್ಟ. ನೀರನ್ನು ನಾಲ್ಕಾರು ಸಲ ಬದಲಿಸಿ ತೊಳೆದರೆ ಕೊನೆಗೆ ನಿಮ್ಮ ಬೆರಳುಗಳ ನಡುವೆ ರಬ್ಬರಿನಂತೆ ಎಳೆದಷ್ಟೂ ಹಿಗ್ಗುವ ಬೂದುಬಣ್ಣದ ಮುದ್ದೆಯೊಂದು ಉಳಿಯುತ್ತದೆ. ಇದೇ ಗ್ಲೂಟೆನ್. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ಅಂಟು ಎಂದೇ ಅರ್ಥ. ಇಟಲಿಯ ಬೊಲೋನ್ಯ ನಗರದ ಬೆಕ್ಕಾರಿ ಎಂಬ ವಿದ್ವಾಂಸನು ಹೀಗೆಯೇ ಹಿಟ್ಟನ್ನು ತೊಳೆದು ಪಿಷ್ಟದಿಂದ ಇದನ್ನು ಬೇರ್ಪಡಿಸಿದ ವಿಚಾರವು ೧೭೪೫ರಲ್ಲಿ ಪ್ರಕಟವಾಯಿತು. ಇದು ಪಿಷ್ಟವಲ್ಲ, ಸಸಾರಜನಕ. ಈಗಿನ ಪುಸ್ತಕಗಳ ಮಾತಿನಲ್ಲಿ ಪ್ರೋಟೀನು. ಇದೇ ಪ್ರಯೋಗವನ್ನು ಅಕ್ಕಿಹಿಟ್ಟಿನಿಂದ ಮಾಡಿ ನೋಡಿರಿ. ಉಂಡೆ ಕರಗಿ ನೀರುಪಾಲಾಗುತ್ತದೆ, ಕೈಯಲ್ಲಿ ಏನೂ ಉಳಿಯುವುದಿಲ್ಲ. ಚಪಾತಿ ಹರಿಯದೆ ಅಗಲವಾಗುವುದೂ, ಪಾವ್ ಉಬ್ಬುವುದೂ, ಕೇರಳದ ಹೋಟೆಲುಗಳಲ್ಲಿ ಪೊರೊಟ್ಟ ಮಾಡುವವನು ಹಿಟ್ಟನ್ನು ಬೀಸಿ ಬೀಸಿ ಪಂಚೆಯಂತೆ ತೆಳುವಾಗಿಸುವುದೂ ಈ ಅಂಟಿನ ಮಹಿಮೆಯೇ.

ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿಯೂ ಇದರ ದಾಯಾದಿ ಸಸಾರಜನಕಗಳಿವೆ. ಮೈದಾ, ರವೆ, ಶ್ಯಾವಿಗೆ ಇವೆಲ್ಲ ಗೋಧಿಯ ವೇಷಾಂತರಗಳು. ಉತ್ತರ ಕರ್ನಾಟಕದವರೂ ಮಹಾರಾಷ್ಟ್ರದವರೂ ಮೆಚ್ಚುವ ಕಪಲಿ ಗೋಧಿಯೂ ಗೋಧಿಯೇ. ಅದು ಹಳೆಯ ತಳಿಯಾದ ಮಾತ್ರಕ್ಕೆ ನಿರಪಾಯವಲ್ಲ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಮೆಕ್ಕೆಜೋಳ, ಎಲ್ಲ ಬೇಳೆಕಾಳುಗಳು, ಗೆಡ್ಡೆಗೆಣಸುಗಳು, ಹಣ್ಣು, ಹಾಲು ಇವು ಯಾವುವೂ ಈ ಅಂಟನ್ನು ಕಾಣದವು.

ಇನ್ನು ಕರುಳಿನ ಸಂಗತಿ. ನಮ್ಮ ಸಣ್ಣ ಕರುಳು ಸುಮಾರು ಆರು ಮೀಟರ್ ಉದ್ದದ ಕೊಳವೆ. ಅದರ ಒಳಮೈ ನುಣುಪಾಗಿರದೆ ಮಖಮಲ್ಲಿನ ಬಟ್ಟೆಯಂತೆ ಕೋಟ್ಯಂತರ ಸೂಕ್ಷ್ಮ ಕುಚ್ಚುಗಳಿಂದ ತುಂಬಿದೆ. ಉಂಡ ಅನ್ನದ ಸಾರವನ್ನು ರಕ್ತಕ್ಕೆ ಹೀರಿಕೊಡುವ ಬೇರುಗಳು ಇವೇ. ಗ್ಲೂಟೆನ್ ಪೂರ್ತಿಯಾಗಿ ಜೀರ್ಣವಾಗುವ ಪದಾರ್ಥವಲ್ಲ; ಅದರ ಚೂರುಗಳು ಎಲ್ಲರ ಕರುಳಿನಲ್ಲಿಯೂ ಉಳಿಯುತ್ತವೆ. ಹೆಚ್ಚಿನವರಿಗೆ ಅದರಿಂದ ಬಾಧೆಯಿಲ್ಲ. ಆದರೆ ವಂಶಪರಂಪರೆಯಿಂದ ಒಂದು ಬಗೆಯ ಗುಣವನ್ನು ಪಡೆದ ಕೆಲವರ ದೇಹದ ಕಾವಲುಪಡೆಯು ಈ ಚೂರುಗಳನ್ನು ಶತ್ರುವೆಂದು ಭ್ರಮಿಸಿ, ಹೋರಾಟಕ್ಕೆ ನಿಂತು, ತನ್ನ ಕರುಳಿನ ಮೇಲೆಯೇ ಎರಗುತ್ತದೆ. ಕುಚ್ಚುಗಳು ಸವೆದು ಮಖಮಲ್ಲು ನುಣ್ಣನೆಯ ಬಟ್ಟೆಯಾಗುತ್ತದೆ. ಆಮೇಲೆ ಎಷ್ಟು ಉಂಡರೇನು? ಕಬ್ಬಿಣದ ಅಂಶ ಹತ್ತದೆ ಮುಖ ಬಿಳಿಚುತ್ತದೆ, ಸುಣ್ಣದ ಅಂಶ ಹತ್ತದೆ ಎಲುಬು ಬಲಿಯುವುದಿಲ್ಲ, ಮಗು ಬೆಳೆಯುವುದಿಲ್ಲ. ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲವಷ್ಟೆ. ಆದರೂ ಹೇಳುತ್ತೇನೆ, ಏಕೆಂದರೆ ನನ್ನ ಸೋದರಸೊಸೆಯ ಪಕ್ಕದಲ್ಲಿ ಕೂತು ಉಣ್ಣಬಾರದೆಂದು ಒಬ್ಬಳು ಗೆಳತಿಗೆ ಮನೆಯಲ್ಲಿ ತಾಕೀತಾಗಿತ್ತು.

ಕಾರಣ ಗೋಧಿಯೆಂದು ಪತ್ತೆಯಾದ ಕಥೆ ಬಲು ಸ್ವಾರಸ್ಯವಾದುದು. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ೧೮೮೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ರೋಗದ ಲಕ್ಷಣಗಳನ್ನು ಚೆನ್ನಾಗಿ ವರ್ಣಿಸಿ, ಇದು ವಾಸಿಯಾಗುವುದಿದ್ದರೆ ಆಹಾರದಿಂದಲೇ ಎಂದನು. ಅವನು ಕಂಡ ಒಂದು ಮಗು ಹಾಲೆಂಡಿನ ಚಿಪ್ಪುಮೀನನ್ನು ದಿನವೂ ತಿಂದು ಮೈತುಂಬಿಕೊಂಡಿತಂತೆ. ಆ ಮೀನಿನ ಕಾಲ ಮುಗಿದೊಡನೆ ಮತ್ತೆ ಸೊರಗಿತು. ನಮ್ಮ ಕರಾವಳಿಯವರು ಬಲ್ಲ ಕಲ್ಲುಮ್ಮಕ್ಕಾಯಿಯೂ ಅದೇ ಜಾತಿಯದು. ೧೯೨೪ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಎಂಬ ವೈದ್ಯನು ಇಂಥ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯವನ್ನು ವಿಧಿಸಿ ಗುಣಪಡಿಸಿದನು. ಬಾಳೆಹಣ್ಣಿನಲ್ಲಿ ಏನೋ ದಿವ್ಯಶಕ್ತಿಯಿದೆಯೆಂದು ಅಂದಿನವರು ಎಣಿಸಿದರು. ಗುಣವಿದ್ದದ್ದು ತಿಂದ ಬಾಳೆಹಣ್ಣಿನಲ್ಲಿ ಅಲ್ಲ, ತಿನ್ನದೆ ಬಿಟ್ಟ ರೊಟ್ಟಿಯಲ್ಲಿ! ಮಕ್ಕಳು ಮತ್ತೆ ರೊಟ್ಟಿಗೆ ಮರಳಿದಾಗ ರೋಗವೂ ಮರಳುತ್ತಿತ್ತು.

ನಿಜವನ್ನು ಹಿಡಿದವನು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಕರೆಲ್ ಡಿಕೆ. ರೊಟ್ಟಿಯ ಮೇಲೆ ಅವನಿಗೆ ಮೊದಲಿನಿಂದಲೇ ಗುಮಾನಿಯಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ೧೯೪೪–೪೫ರ ಚಳಿಗಾಲದಲ್ಲಿ, ಹಾಲೆಂಡಿನಲ್ಲಿ ಘೋರ ಕ್ಷಾಮ ಬಂತು. ಜನರು ಟ್ಯುಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ಎಲ್ಲ ಮಕ್ಕಳೂ ಬಡವಾಗುತ್ತಿದ್ದ ಆ ಕಾಲದಲ್ಲಿ ಸೀಲಿಯಾಕ್ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು. ರೊಟ್ಟಿ ಮತ್ತೆ ಸಿಕ್ಕಿದಾಗ ಮತ್ತೆ ಮಲಗಿದರು. ಯುದ್ಧಾನಂತರ ಡಿಕೆ ಮತ್ತು ಅವನ ಸಂಗಡಿಗರು ಈ ಧಾನ್ಯ ಕೊಟ್ಟು, ಆ ಧಾನ್ಯ ಬಿಡಿಸಿ ಕ್ರಮವಾಗಿ ಪರೀಕ್ಷಿಸಿದರು. ೧೯೫೦ರಲ್ಲಿ ಅವನು ತನ್ನ ಪ್ರಬಂಧವನ್ನು ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದನು. ಕ್ಷಾಮದಿಂದ ಜ್ಞಾನ ಬೆಳೆದ ಉದಾಹರಣೆ ಲೋಕದಲ್ಲಿ ಹೆಚ್ಚಿಲ್ಲ.

ಹಾಲೆಂಡಿನಲ್ಲಿ ಹಾಗಾದರೆ, ನಮ್ಮ ದಕ್ಷಿಣದಲ್ಲಿ ಈ ರೋಗವಿಲ್ಲವೆ? ನಮ್ಮ ದೇಶದ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾಗಗಳ ೨೩,೦೦೦ಕ್ಕೂ ಮಿಕ್ಕ ವಯಸ್ಕರನ್ನು ಪರೀಕ್ಷಿಸಿ ಬರೆದ ಅಧ್ಯಯನವೊಂದು ೨೦೧೬ರಲ್ಲಿ ಪ್ರಕಟವಾಯಿತು. ಉತ್ತರದಲ್ಲಿ ಸಾವಿರಕ್ಕೆ ಎಂಟೊಂಬತ್ತು ಮಂದಿಗೆ ರೋಗವಿತ್ತು. ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗೆ. ಹಾಗಾದರೆ ದಕ್ಷಿಣದವರ ರಕ್ತವೇ ಬೇರೆಯೆ? ಅಲ್ಲ. ರೋಗಕ್ಕೆ ದಾರಿಮಾಡಿಕೊಡುವ ಆ ವಂಶಗುಣ ಉತ್ತರದಲ್ಲಿ ನೂರಕ್ಕೆ ೩೮ ಮಂದಿಯಲ್ಲಿದ್ದರೆ ದಕ್ಷಿಣದಲ್ಲಿ ೩೬ ಮಂದಿಯಲ್ಲಿತ್ತು, ಅಂತರ ಅಷ್ಟೇ. ವ್ಯತ್ಯಾಸವಿದ್ದದ್ದು ಎಲೆಯ ಮೇಲೆ. ಉತ್ತರದವರು ದಿನಕ್ಕೆ ಸರಾಸರಿ ೪೫೫ ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು ತಿನ್ನುತ್ತಿದ್ದದ್ದು ೨೫ ಗ್ರಾಂ ಮಾತ್ರ. ಈ ಅಂಕಿಗಳನ್ನು ಗಮನವಿಟ್ಟು ಓದಿರಿ. ಬೀಜ ಎರಡೂ ಕಡೆ ಇದೆ. ಒಂದು ಕಡೆ ಮಳೆ ಬಿದ್ದಿದೆ, ಇನ್ನೊಂದು ಕಡೆ ಈಗ ಹನಿಯುತ್ತಿದೆ.

ಹೌದು, ಕೇರಳಕ್ಕೆ ಗೋಧಿ ಬಂದದ್ದು ನಿಧಾನವಾಗಿ. ತಲಶ್ಶೇರಿಯ ಮಾಂಬಳ್ಳಿ ಬಾಪು ೧೮೮೩ರಲ್ಲಿ ಕ್ರಿಸ್ಮಸ್ ಕೇಕನ್ನು ಸುಟ್ಟು ಹೆಸರಾದರು. ಅಲ್ಲಿಂದೀಚೆಗೆ ಬೇಕರಿಗಳು ಆ ನಾಡಿನ ತುಂಬ ಹರಡಿದವು. ತಿರುವಾಂಕೂರು ಸಂಸ್ಥಾನವು ತನಗೆ ಬೇಕಾದ ಅಕ್ಕಿಯ ದೊಡ್ಡ ಪಾಲನ್ನು ಹೊರಗಿನಿಂದ ತರಿಸುತ್ತಿತ್ತು. ೧೯೪೨ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತಾಗ ಬಡವರನ್ನು ಬದುಕಿಸಿದ್ದು ಮರಗೆಣಸು. ೧೮೮೦ರಿಂದ ೧೮೮೫ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಇದರ ಕೃಷಿಗೆ ಪ್ರೋತ್ಸಾಹ ಕೊಟ್ಟಿದ್ದರು. ಆ ಬಳಿಕ ಪಡಿತರದ ಅಂಗಡಿಯ ಮೂಲಕ ಗೋಧಿ ಮನೆಮನೆಯ ಹೊಸ್ತಿಲನ್ನು ದಾಟಿತು. ಇಂದು ಕೊಚ್ಚಿಯಲ್ಲಿ ಸಂಜೆಯ ಹೊತ್ತು ಪೊರೊಟ್ಟ ಬೇಯದ ಬೀದಿ ಯಾವುದು?

ಇಷ್ಟಾದರೂ ಅಲ್ಲಿಯವರ ಮನಸ್ಸಿನಲ್ಲಿ ಗೋಧಿ ಊಟವಲ್ಲ, ಪಥ್ಯ. ಮಧುಮೇಹದವರಿಗೆ ರಾತ್ರಿ ಅನ್ನ ಬಿಡಿಸಿ ಚಪಾತಿ ಕೊಡುತ್ತಾರೆ. ಜ್ವರ ಬಿಟ್ಟವರಿಗೆ ಗೋಧಿಯ ಗಂಜಿ. ಆಸ್ಪತ್ರೆಗೆ ನೋಡಲು ಹೋಗುವವರ ಕೈಯಲ್ಲಿ ಬ್ರೆಡ್ಡು, ಬಿಸ್ಕತ್ತು, ಮಾಲ್ಟಿನ ಡಬ್ಬ. ಮಾಲ್ಟ್ ಎಂದರೆ ಮೊಳೆಸಿದ ಬಾರ್ಲಿ. ಈಗ ನನ್ನ ಸೋದರಸೊಸೆಯ ಪಾಡನ್ನು ಊಹಿಸಿಕೊಳ್ಳಿರಿ. ಏಳನೆಯ ವಯಸ್ಸಿನಲ್ಲಿ ಅವಳ ಹೊಟ್ಟೆ ಉಬ್ಬರಿಸಿ ಕೈಕಾಲು ಕಡ್ಡಿಯಾದವು. ಅಕ್ಕನ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಪ್ರತಿವರ್ಷ ಹುಟ್ಟುಹಬ್ಬದಂದು ಮಕ್ಕಳ ಎತ್ತರವನ್ನು ಪೆನ್ಸಿಲಿನಿಂದ ಗುರುತಿಸುವ ಪದ್ಧತಿಯಿದೆ. ಎರಡು ವರ್ಷ ಅವಳ ಗೆರೆಗಳು ಒಂದರ ಮೇಲೊಂದು ಕೂತವು. ಎರಡು ವರ್ಷ ಕಿರಿಯನಾದ ತಮ್ಮನ ಗೆರೆ ಮೇಲೇರಿ ಬಂದು ಅವಳದನ್ನು ಮುಟ್ಟಿತು. ಜಂತುಹುಳುವಿಗೆ ಮದ್ದು ಕೊಟ್ಟರು, ರಕ್ತಹೀನತೆಗೆ ಕಬ್ಬಿಣದ ಟಾನಿಕ್ಕು ಕೊಟ್ಟರು. ಮಗು ಸೊರಗಿದಷ್ಟೂ ಮನೆಯವರ ಆರೈಕೆ ಹೆಚ್ಚಿತು. ಬೆಳಿಗ್ಗೆ ಮಾಲ್ಟಿನ ಪಾನೀಯ, ಸಂಜೆ ಹಾಲಿನಲ್ಲಿ ಅದ್ದಿದ ಬ್ರೆಡ್ಡು! ಎಲ್ಲರೂ ಪ್ರೀತಿಯಿಂದಲೇ ಕೊಟ್ಟದ್ದು. ಕೊನೆಗೆ ಉತ್ತರ ಭಾರತದಲ್ಲಿ ಓದಿ ಬಂದಿದ್ದ ಒಬ್ಬ ವೈದ್ಯೆಗೆ ಸಂದೇಹ ಬಂತು. ಗೋಧಿಯ ನಾಡಿನಲ್ಲಿ ಇಂಥ ಮಕ್ಕಳನ್ನು ಆಕೆ ನೋಡಿದ್ದರು. ರಕ್ತಪರೀಕ್ಷೆಯಾಯಿತು, ಆಮೇಲೆ ಬಾಯಿಯ ಮೂಲಕ ಸಣ್ಣ ನಳಿಗೆಯನ್ನಿಳಿಸಿ ಕರುಳಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಕುಚ್ಚುಗಳು ಸವೆದಿದ್ದವು. ಗೋಧಿ ಬಿಡಿಸಿ ಆರು ವಾರಗಳಾಗುವಷ್ಟರಲ್ಲಿ ಮಗು ಹಸಿವೆಂದು ಕೇಳಿ ಉಣ್ಣತೊಡಗಿತು. ಮರುವರ್ಷದ ಪೆನ್ಸಿಲಿನ ಗೆರೆ ಮೂರು ಅಂಗುಲ ಮೇಲಿತ್ತು.

ಇಷ್ಟಕ್ಕೆ ಕಥೆ ಮುಗಿದು ಸುಖಾಂತವಾಗಬೇಕಿತ್ತು. ಬೆಳಿಗ್ಗೆ ಪುಟ್ಟು ಮತ್ತು ಕಡಲೆಯ ಪಲ್ಯ, ಅಥವಾ ನಾವು ಒತ್ತು ಶ್ಯಾವಿಗೆಯೆನ್ನುವ ಇಡಿಯಪ್ಪಂ, ಮಧ್ಯಾಹ್ನ ಅನ್ನ, ಸಂಜೆ ಬೇಯಿಸಿದ ಮರಗೆಣಸು ಅಥವಾ ನೇಂದ್ರಬಾಳೆ, ರಾತ್ರಿ ಗಂಜಿ ಮತ್ತು ಹೆಸರುಕಾಳು. ಜೊತೆಗೆ ನಮ್ಮೂರಿನ ನೀರುದೋಸೆ. ಇದರಲ್ಲಿ ಗೋಧಿಯ ಗಂಧವೂ ಇಲ್ಲ. ಪಂಜಾಬಿನಲ್ಲಿಯೋ ಹರಿಯಾಣದಲ್ಲಿಯೋ ಹುಟ್ಟಿದ ರೋಗಿಗೆ ತಟ್ಟೆಯೇ ಬರಿದಾಗುವಾಗ, ಕೇರಳದ ರೋಗಿ ತನ್ನ ಎಲೆಯ ಹತ್ತರಲ್ಲಿ ಒಂಬತ್ತು ಪಾಲನ್ನು ಉಳಿಸಿಕೊಳ್ಳುತ್ತಾನೆ. ತೊಡಕಿರುವುದು ಆ ಹತ್ತನೆಯ ಪಾಲಿನಲ್ಲಿ. ಗೋಧಿ ರಾಶಿಯಾಗಿ ಇರುವಲ್ಲಿ ಕಣ್ಣಿಗೆ ಕಾಣುತ್ತದೆ. ಚಿಟಿಕೆಯಾಗಿ ಇರುವಲ್ಲಿ ಕಾಣುವುದಿಲ್ಲ.

ಆ ಚಿಟಿಕೆಗೆ ಉತ್ತಮ ಉದಾಹರಣೆ ಇಂಗು. ಆರು ತಿಂಗಳು ಕಟ್ಟುನಿಟ್ಟಾಗಿ ಪಥ್ಯ ಮಾಡಿದ ಮೇಲೂ ಅವಳ ರಕ್ತಪರೀಕ್ಷೆ ಪೂರ್ತಿಯಾಗಿ ಸರಿಹೋಗಲಿಲ್ಲ. ಚಪಾತಿ ಇಲ್ಲ, ಬಿಸ್ಕತ್ತು ಇಲ್ಲ, ಮತ್ತೆ ಎಲ್ಲಿಂದ? ಅಡುಗೆಮನೆಯ ಒಂದೊಂದು ಡಬ್ಬಿಯನ್ನೂ ಇಳಿಸಿ ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿದಾಗ ಇಂಗಿನ ಡಬ್ಬಿಯ ಮೇಲೆ ಗೋಧಿಹಿಟ್ಟು ಎಂದಿತ್ತು. ಶುದ್ಧ ಇಂಗು ಅಫ್ಘಾನಿಸ್ಥಾನ, ಇರಾನ್ ಕಡೆಯ ಗಿಡವೊಂದರ ಬೇರಿನ ಅಂಟು. ಅದು ಬಲು ತೀಕ್ಷ್ಣವಾದುದರಿಂದ ಗೋಂದು ಮತ್ತು ಹಿಟ್ಟು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಅಕ್ಕಿಯದೂ ಆಗಿರಬಹುದು, ಗೋಧಿಯದೂ ಆಗಿರಬಹುದು. ಸಾಂಬಾರು, ರಸಂ, ಉಪ್ಪಿನಕಾಯಿ, ಹಪ್ಪಳ ಎಲ್ಲದರಲ್ಲಿಯೂ ಇಂಗು ಉಂಟಷ್ಟೆ. ಚಿಟಿಕೆ ಇಂಗಿನಿಂದ ಕೇಡೇ ಎಂದರೆ ಸ್ವಲ್ಪ ಲೆಕ್ಕ ಮಾಡೋಣ. ಒಂದು ಬಿಲ್ಲೆ ಬ್ರೆಡ್ಡಿನಲ್ಲಿ ಸುಮಾರು ೨ ಗ್ರಾಂ, ಎಂದರೆ ೨೦೦೦ ಮಿಲಿಗ್ರಾಂ ಗ್ಲೂಟೆನ್ ಇರುತ್ತದೆ. ದಿನವೂ ೫೦ ಮಿಲಿಗ್ರಾಂ ಹೊಟ್ಟೆಗೆ ಹೋದರೆ ರೋಗಿಯ ಕರುಳು ಕೆಡುತ್ತದೆಂದು ಪರೀಕ್ಷೆಗಳು ತೋರಿಸಿವೆ. ೨೦೦೦ವನ್ನು ೫೦ರಿಂದ ಭಾಗಿಸಿರಿ. ಒಂದು ಬಿಲ್ಲೆಯ ನಲವತ್ತನೆಯ ಒಂದು ಪಾಲು, ತಟ್ಟೆಯಂಚಿನಲ್ಲಿ ಉಳಿಯುವ ಪುಡಿಯಷ್ಟು! ಈಗ ಅಕ್ಕನು ಅಕ್ಕಿಹಿಟ್ಟು ಬೆರೆಸಿದ ಇಂಗನ್ನೇ ಹುಡುಕಿ ತರುತ್ತಾಳೆ. ಸಿಗದ ತಿಂಗಳು ಬೆಳ್ಳುಳ್ಳಿಯ ಒಗ್ಗರಣೆ.

ಪುಡಿಯ ಮಾತು ಬಂದದ್ದರಿಂದ ಕಾವಲಿಯ ಮಾತನ್ನೂ ಹೇಳಬೇಕು. ಹೋಟೆಲಿನ ಸಾದಾ ದೋಸೆ ಅಕ್ಕಿ ಉದ್ದಿನದೇ ಸರಿ. ಆದರೆ ಅದೇ ಕಾವಲಿಯ ಮೇಲೆ ಐದು ನಿಮಿಷಕ್ಕೆ ಮೊದಲು ರವೆದೋಸೆಯೋ ಪೊರೊಟ್ಟವೋ ಬೆಂದಿರುತ್ತದೆ. ಬೀದಿಬದಿಯ ತಟ್ಟುಕಡೆಗಳಲ್ಲಿ ಬೇಳೆಯ ವಡೆ ನಿರ್ದೋಷಿ. ಆದರೆ ಮೈದಾ ಹಿಟ್ಟಿನಲ್ಲಿ ಅದ್ದಿದ ಬಾಳೆಹಣ್ಣಿನ ಪಳಂಪೊರಿಯೂ ಅದೇ ಬಾಣಲೆಯ ಎಣ್ಣೆಯಲ್ಲಿ ಕರಿದದ್ದು. ನೀವೆಲ್ಲ ಬಾಯಿ ಚಪ್ಪರಿಸುವ ಗೋಬಿ ಮಂಚೂರಿಯಂತೂ ಎರಡು ಪಟ್ಟು ಅಪರಾಧಿ: ಮೇಲೆ ಮೈದಾ, ಒಳಗೆ ಗೋಧಿಯಿಂದ ಹುದುಗಿಸಿದ ಸೋಯಾ ಸಾಸು. ಅಕ್ಕನ ಮನೆಯಲ್ಲಿ ಎರಡು ಕಾವಲಿಗಳಿವೆ. ಮಗಳ ಕಾವಲಿಯ ಹಿಡಿಗೆ ಕೆಂಪು ದಾರ ಕಟ್ಟಿದೆ. ಮನೆಗೆ ಬಂದ ನೆಂಟರಿಗೆಲ್ಲ ಮೊದಲು ಆ ದಾರದ ಅರ್ಥವನ್ನು ಹೇಳಿಯೇ ಕಾಫಿ ಕೊಡುತ್ತಾರೆ.

ಓಣಂ ಹಬ್ಬದ ಸದ್ಯ ಎಂಬ ಎಲೆಯೂಟವನ್ನು ನಾನೊಮ್ಮೆ ಅವಳ ಪಕ್ಕದಲ್ಲಿಯೇ ಕುಳಿತು ಉಂಡೆ. ಅವಿಯಲ್, ಓಲನ್, ಎರಿಶ್ಶೇರಿ, ಕಾಳನ್, ಪಚ್ಚಡಿ, ಬಾಳೆಕಾಯಿ ಉಪ್ಪೇರಿ ಇವೆಲ್ಲ ತರಕಾರಿ, ತೆಂಗು, ಮೊಸರುಗಳ ಕೃತಿಗಳು, ಧಾರಾಳವಾಗಿ ಉಣ್ಣಬಹುದು. ಸಾಂಬಾರಿಗೆ ಮಾತ್ರ ಇಂಗಿನ ಪ್ರಶ್ನೆ. ಹಪ್ಪಳ ಉದ್ದಿನದು, ಆದರೆ ಅಗ್ಗದ ಹಪ್ಪಳಕ್ಕೆ ಮೈದಾ ಬೆರೆಸುವುದೂ ಉಂಟು. ಪಾಯಸಗಳ ಸರದಿ ಬಂದಾಗ ನಿಜವಾದ ಪರೀಕ್ಷೆ. ಬೇಳೆಯ ಪ್ರಥಮನ್ ಸರಿ. ಅಕ್ಕಿಯ ಅಡೆಯಿಂದ ಮಾಡಿದ ಪಾಲಡ ಸರಿ, ಆದರೆ ಅಂಗಡಿಯ ಅಡೆಯಾದರೆ ಪೊಟ್ಟಣ ನೋಡಬೇಕು. ಶ್ಯಾವಿಗೆಯ ಪಾಯಸವೂ ನುಚ್ಚುಗೋಧಿಯ ಪಾಯಸವೂ ಕೂಡದು. ಹನ್ನೊಂದು ವರ್ಷದ ಆ ಹುಡುಗಿ ಬಡಿಸುವವರ ಕೈಯಲ್ಲಿನ ಪಾತ್ರೆಯನ್ನು ದೂರದಿಂದ ನೋಡಿಯೇ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದಳು. ನಾವು ಮಾತಾಡುತ್ತ ಉಣ್ಣುವಾಗ ಅವಳು ಕಾವಲು ಕಾಯುತ್ತ ಉಣ್ಣುತ್ತಿದ್ದಳು.

ಅವಳಿಗೆ ಬಾಯಿಪಾಠವಾದ ಒಂದು ಮಲಯಾಳ ವಾಕ್ಯವಿದೆ: "ಗೋದಂಬುಂ ಮೈದಯುಂ ಪಾಡಿಲ್ಲ." ಗೋಧಿ, ಮೈದಾ ಕೂಡದು ಎಂದು ಅರ್ಥ. ಎರಡನ್ನೂ ಹೇಳಬೇಕು, ಏಕೆಂದರೆ ಮೈದಾ ಗೋಧಿಯೇ ಅಲ್ಲವೆಂದು ತಿಳಿದವರು ಬಹಳ. ಅದಕ್ಕೆ ಬರುವ ಉತ್ತರವೂ ಒಂದೇ: "ಕುರಚ್ಚು ಮಾತ್ರಂ." ಸ್ವಲ್ಪ ಮಾತ್ರ! ಈ ಸ್ವಲ್ಪದ ಒತ್ತಾಯವನ್ನು ನಿರಾಕರಿಸುವುದು ಹಸಿವನ್ನು ತಡೆಯುವುದಕ್ಕಿಂತ ಕಷ್ಟವೆಂದು ನನ್ನ ಅಭಿಪ್ರಾಯ. ನಮ್ಮ ದೇಶದಲ್ಲಿ ಕೊಟ್ಟದ್ದನ್ನು ಬೇಡವೆನ್ನುವುದು ಕೊಟ್ಟವರನ್ನು ಬೇಡವೆಂದಂತೆ. ಸತ್ಯನಾರಾಯಣ ಪೂಜೆಯ ಪ್ರಸಾದ ರವೆಯ ಸಪಾದಭಕ್ಷ್ಯ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ತಮ್ಮನ ಕೈಗೆ ಕೊಡುತ್ತಾಳೆ. ಹಿರಿಯರೊಬ್ಬರು ಇದನ್ನು ಕಂಡು ಮುಖ ಗಂಟಿಕ್ಕಿದ್ದೂ ಉಂಟು. ಕೊಚ್ಚಿಯ ಕ್ರೈಸ್ತರಲ್ಲಿ ಈ ರೋಗವಿರುವವರ ಸಂಕಟ ಇನ್ನೊಂದು ಬಗೆಯದು. ಕಥೋಲಿಕ ಇಗರ್ಜಿಯ ಪವಿತ್ರ ರೊಟ್ಟಿ ಗೋಧಿಯದೇ ಆಗಿರಬೇಕೆಂಬುದು ನಿಯಮ. ಗ್ಲೂಟೆನ್ ಅತ್ಯಲ್ಪವಾಗಿರುವ ರೊಟ್ಟಿ ಸಲ್ಲುತ್ತದೆ, ಸ್ವಲ್ಪವೂ ಇಲ್ಲದ್ದು ಸಲ್ಲದು ಎಂದು ವ್ಯಾಟಿಕನ್ನಿನಿಂದ ೨೦೧೭ರಲ್ಲಿ ಮತ್ತೊಮ್ಮೆ ಪತ್ರ ಬಂತು. ಆದರೆ ಅದೇ ಕ್ರೈಸ್ತರ ಮನೆಗಳಲ್ಲಿ ಪೆಸಹಾ ಗುರುವಾರದ ರಾತ್ರಿ ಮುರಿದು ಹಂಚುವ ಅಪ್ಪ ಅಕ್ಕಿ ಮತ್ತು ಉದ್ದಿನದು! ಕೇರಳದ ಅಕ್ಕಿ ಎಲ್ಲ ಮತಗಳ ಅಡುಗೆಮನೆಗಳಿಗೂ ನುಗ್ಗಿದೆ.

ಅವಳು ಯಾವ ಕಾವಲೂ ಇಲ್ಲದೆ ಉಂಡ ಒಂದು ದಿನವನ್ನು ಅಕ್ಕ ಆಗಾಗ ನೆನೆಯುತ್ತಾಳೆ. ತಿರುವನಂತಪುರದ ಆಟ್ಟುಕಾಲ್ ಭಗವತಿಯ ಪೊಂಗಾಲ ಕುಂಭಮಾಸದಲ್ಲಿ ಬರುತ್ತದೆ. ಅಂದು ಲಕ್ಷಾಂತರ ಮಂದಿ ಸ್ತ್ರೀಯರು ನಗರದ ಬೀದಿಬೀದಿಗಳಲ್ಲಿ ಇಟ್ಟಿಗೆಯ ಒಲೆ ಹೂಡಿ ಮಣ್ಣಿನ ಮಡಕೆಯಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿಗಳ ಪಾಯಸ ಬೇಯಿಸುತ್ತಾರೆ. ಹೊಸ ಮಡಕೆ, ಹೊಸ ಒಲೆ, ಅಕ್ಕಿಯ ಅಡುಗೆ. ಪಕ್ಕದ ಒಲೆಯ ಅಪರಿಚಿತ ಅಮ್ಮಂದಿರು ಕೊಟ್ಟ ಪಾಯಸವನ್ನು ಹುಡುಗಿ ಕೇಳದೆ, ಓದದೆ, ಯೋಚಿಸದೆ ತಿಂದಳಂತೆ.

ಅಂಗಡಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಗ್ಲೂಟೆನ್ ಇಲ್ಲವೆಂದು ಅಚ್ಚುಹಾಕಿದ ಬಿಸ್ಕತ್ತು, ಬ್ರೆಡ್ಡುಗಳು ದೊಡ್ಡ ಅಂಗಡಿಗಳಲ್ಲಿ ದೊರೆಯುತ್ತವೆ. ಬೆಲೆ ಸಾಮಾನ್ಯ ಬಿಸ್ಕತ್ತಿನ ಹಲವು ಪಟ್ಟು. ಒಂದು ಕಿಲೋಗ್ರಾಂ ಪದಾರ್ಥದಲ್ಲಿ ೨೦ ಮಿಲಿಗ್ರಾಮಿಗಿಂತ ಹೆಚ್ಚು ಗ್ಲೂಟೆನ್ ಇರಕೂಡದೆಂಬುದು ನಮ್ಮ ದೇಶದ ನಿಯಮ. ತಿರುವನಂತಪುರದ ಶ್ರೀಕಾರ್ಯಂನಲ್ಲಿ ೧೯೬೩ರಲ್ಲಿ ಸ್ಥಾಪಿತವಾದ ಕೇಂದ್ರ ಗೆಡ್ಡೆ ಬೆಳೆಗಳ ಸಂಶೋಧನಾಲಯವಿದೆ. ಅಲ್ಲಿಯ ವಿಜ್ಞಾನಿಗಳು ಮರಗೆಣಸಿನ ಹಿಟ್ಟಿನಿಂದ ಪಾಸ್ತಾ ಮುಂತಾದುವನ್ನು ಮಾಡುವ ವಿಧಾನಗಳನ್ನು ರೂಪಿಸಿದ್ದಾರೆ. ಆದರೂ ಅಕ್ಕನ ಮತದಲ್ಲಿ ಪೊಟ್ಟಣದ ತಿಂಡಿ ಪ್ರಯಾಣಕ್ಕೆ ಮಾತ್ರ. ಕೊಚ್ಚಿಯಿಂದ ತಿರುವನಂತಪುರಕ್ಕೆ ವೈದ್ಯರನ್ನು ಕಾಣಲು ಹೋಗುವಾಗ ವಂಚಿನಾಡ್ ಎಕ್ಸ್‌ಪ್ರೆಸ್ಸಿನಲ್ಲಿ ಅವರ ಚೀಲದೊಳಗೆ ಇರುವುದು ಬಾಳೆಯೆಲೆಯಲ್ಲಿ ಕಟ್ಟಿದ ಮೊಸರನ್ನವೇ.

ಈ ಲೇಖನ ಓದಿದ ಕೂಡಲೇ, ನನಗೂ ಆಗಾಗ ಹೊಟ್ಟೆನೋವು ಬರುತ್ತದೆ, ನಾಳೆಯಿಂದ ಚಪಾತಿ ಬಿಡುತ್ತೇನೆ ಎಂದು ಯಾರೂ ಹೊರಡಬೇಡಿರಿ. ಈಚೆಗೆ ನಮ್ಮ ನಗರದಲ್ಲಿ ಗೋಧಿ ಬಿಡುವುದು ಶ್ರೀಮಂತರ ಒಂದು ಷೋಕಿಯೂ ಆಗಿದೆ. ರೋಗವಿಲ್ಲದವರಿಗೆ ಅದರ ಅಗತ್ಯವಿಲ್ಲ. ಅಲ್ಲದೆ ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟರೆ ರಕ್ತದಲ್ಲಿ ರೋಗದ ಗುರುತು ಮಾಸಿಹೋಗಿ, ರೋಗವಿದ್ದರೂ ಇಲ್ಲವೆಂದೇ ಉತ್ತರ ಬರುತ್ತದೆ. ಮೊದಲು ವೈದ್ಯರು, ಆಮೇಲೆ ಪಥ್ಯ.

ಆ ಹುಡುಗಿಗೆ ಈಗ ಹದಿನೈದು. ತಾಯಿಗಿಂತ ಎರಡು ಬೆರಳು ಎತ್ತರ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಆಗುತ್ತದೆ. ಈಗ ಮನೆಯವರ ಗಮನವೆಲ್ಲ ತಮ್ಮನ ಮೇಲಿದೆ. ರೋಗಿಯ ಒಡಹುಟ್ಟಿದವರಲ್ಲಿ, ತಂದೆತಾಯಿ ಮಕ್ಕಳಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಇದೇ ರೋಗವಿರುತ್ತದೆ. ಅವನಿಗೆ ಮೂರು ವರ್ಷದ ಹಿಂದೆ ಒಮ್ಮೆ ಪರೀಕ್ಷೆಯಾಗಿ ಏನೂ ಇಲ್ಲವೆಂದು ಬಂದಿತ್ತು. ಆದರೆ ಇದು ಯಾವ ವಯಸ್ಸಿನಲ್ಲಾದರೂ ತಲೆದೋರಬಹುದಾದ್ದರಿಂದ ಮತ್ತೆ ನೋಡಬೇಕಾಗಿದೆ. ಅಲ್ಲಿಯವರೆಗೆ ಅವನು ಎಂದಿನಂತೆ ಗೋಧಿ ತಿನ್ನುತ್ತಲೇ ಇರಬೇಕೆಂದು ವೈದ್ಯರ ಆಜ್ಞೆ. ಆ ಆಜ್ಞೆಯನ್ನು ಅವನು ಬಹು ಶ್ರದ್ಧೆಯಿಂದ ಪಾಲಿಸುತ್ತಿದ್ದಾನೆ. ಪೊರೊಟ್ಟವನ್ನು ಹೊರಗೆ ಜಗಲಿಯಲ್ಲಿ ಕುಳಿತು ತಿಂದು, ಕೈಬಾಯಿ ತೊಳೆದು, ಅಂಗಿಯ ಮೇಲಿನ ಪುಡಿಯನ್ನು ಕೊಡವಿಕೊಂಡು ಒಳಗೆ ಬರುತ್ತಾನೆ. ಬರುವ ಮೇ ತಿಂಗಳಲ್ಲಿ ಅವನ ಪರೀಕ್ಷೆ.